ಕಾಕ್ಲಿಯರ್ ಇಂಪ್ಲಾಂಟ್ ಚಾರ್ಜರ್ ಕೆಟ್ಟರೆ: ಏನು ನೋಡಬೇಕು, ಹೊಸದು ಹೇಗೆ ತರಬೇಕು

ಚಾರ್ಜರ್ ಕೆಟ್ಟಿತು ಅಂತ ಹೊಸದಕ್ಕೆ ದುಡ್ಡು ಕಟ್ಟುವ ಮುಂಚೆ ಸ್ವಲ್ಪ ಹೊತ್ತು ಕೂತು ನೋಡಿ. ಕೆಟ್ಟಿರುವುದು ಚಾರ್ಜರೇನಾ? ಅಥವಾ ಅದರ ಕೇಬಲ್ಲಾ, ಅಡಾಪ್ಟರಾ, ಬ್ಯಾಟರಿಯಾ? ನಮ್ಮ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳಿಸದವರಿಗೆ ಆಪರೇಷನ್ ಮಾಡಿ ಹಾಕುವ ಶ್ರವಣ ಸಾಧನ, ಆಗಿ ವರ್ಷಗಳಾದವು. ಇಂಪ್ಲಾಂಟ್ ಆದ ಬೇರೆ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಆಗಾಗ ಮಾತಾಡುತ್ತಲೇ ಇರುತ್ತೇನೆ. "ಚಾರ್ಜರ್ ಹೋಯ್ತು, ಏನ್ ಮಾಡ್ಲಿ" ಅಂತ ಗಾಬರಿಯಲ್ಲಿ ಫೋನ್ ಮಾಡುವವರಲ್ಲಿ ಎಷ್ಟೋ ಜನರಿಗೆ ಕೊನೆಗೆ ಬೇಕಾಗಿದ್ದು ಬರೀ ಒಂದು ಹೊಸ ಕೇಬಲ್. ಇನ್ನು ಕೆಲವರು ಹೊಸ ಚಾರ್ಜರ್ ತಂದಮೇಲೂ ತೊಂದರೆ ಹಾಗೇ ಉಳಿದಿರುತ್ತದೆ, ಯಾಕಂದ್ರೆ ಸೋತಿದ್ದು ಬ್ಯಾಟರಿ.

ಹೊಸಬರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಆಪರೇಷನ್ ಮಾಡಿ ತಲೆಯೊಳಗೆ ಇಟ್ಟಿರುವ ಇಂಪ್ಲಾಂಟಿನಲ್ಲಿ ಬ್ಯಾಟರಿ ಇಲ್ಲ. ಹೊರಗಿನ ಪ್ರೊಸೆಸರ್ (ಶಬ್ದ ಹಿಡಿದು ಒಳಗೆ ಕಳಿಸುವ, ಕಿವಿಯ ಹಿಂದೆ ಅಥವಾ ತಲೆಯ ಮೇಲೆ ಹಾಕುವ ಮಷೀನು) ತನ್ನ ಬ್ಯಾಟರಿಯಿಂದಲೇ, ತಲೆಗೆ ಅಂಟಿಕೊಳ್ಳುವ ಕಾಯಿಲ್ ಮೂಲಕ, ಚರ್ಮ ದಾಟಿಸಿ, ಒಳಗಿನ ಇಂಪ್ಲಾಂಟಿಗೂ ಪವರ್ ಕಳಿಸಬೇಕು. ಅದಕ್ಕೇ ಸಾಮಾನ್ಯ ಕಿವಿ ಮಷೀನಿನ ಸೆಲ್ ಎಷ್ಟೋ ದಿನ ಬಂದರೆ, ನಮ್ಮ ಮಕ್ಕಳ ಬ್ಯಾಟರಿ ಹೆಚ್ಚುಕಡಿಮೆ ಒಂದು ದಿನಕ್ಕೆ ಖಾಲಿ. ಚಾರ್ಜರ್ ಒಂದು ರಾತ್ರಿ ಕೈಕೊಟ್ಟರೂ ಮಾರನೇ ದಿನ ಮಗುವಿಗೆ ಏನೂ ಕೇಳಿಸುವುದಿಲ್ಲ. ಫೋನ್ ಚಾರ್ಜರ್ ಹೋದರೆ ಪಕ್ಕದ ಅಂಗಡಿಯಲ್ಲಿ ತರಬಹುದು, ಇದು ಹಾಗೆ ಸಿಗುವುದಿಲ್ಲ.

ಮೊದಲು ಇವತ್ತಿನ ರಾತ್ರಿ ದಾಟಬೇಕು

ಪತ್ತೆ ಕೆಲಸ ಆಮೇಲೆ. ಮೊದಲು ನಾಳೆ ಶಾಲೆಗೆ ಏನು ಅಂತ ನೋಡಿ. ಇರುವ ಬ್ಯಾಟರಿಗಳಲ್ಲಿ ಯಾವುದರಲ್ಲಿ ಚಾರ್ಜ್ ಉಳಿದಿದೆಯೋ ಅದನ್ನು ಪ್ರೊಸೆಸರಿನಿಂದ ಬಿಚ್ಚಿ ಪಕ್ಕಕ್ಕಿಡಿ, ಅದು ಶಾಲೆಯ ಹೊತ್ತಿಗೆ ಬೇಕು. ಬ್ಲೂಟೂತಿನಲ್ಲಿ ಹಾಡು, ವಿಡಿಯೋ ಎಲ್ಲಾ ಎರಡು ದಿನ ಬೇಡ, ಸ್ಟ್ರೀಮಿಂಗ್ ಮಾಡಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ.

ಕಿವಿಯ ಹಿಂದೆ ಹಾಕುವ ಹೆಚ್ಚಿನ ಪ್ರೊಸೆಸರುಗಳಿಗೆ ಬಿಸಾಡುವ ಸೆಲ್ ಹಾಕುವ ಹೋಲ್ಡರ್ ಬೇರೆಯಾಗಿ ಸಿಗುತ್ತದೆ. ಕಿಟ್ ಪೆಟ್ಟಿಗೆ ತೆಗೆದು ಹುಡುಕಿ, ತುಂಬಾ ಜನರ ಮನೆಯಲ್ಲಿ ಅದು ಕವರ್ ಕೂಡ ಒಡೆಯದೆ ಬಿದ್ದಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಎರಡು 675 ನಂಬರಿನ ಜಿಂಕ್ ಏರ್ ಸೆಲ್ ಬೇಕು. ಅಂಗಡಿಯಲ್ಲಿ ಬರೀ "675 ಕೊಡಿ" ಅಂದರೆ ಕಿವಿ ಮಷೀನಿನ ಸೆಲ್ ಕೊಟ್ಟುಬಿಡುತ್ತಾರೆ. ಕಾಕ್ಲಿಯರ್ ಇಂಪ್ಲಾಂಟಿಗೆ ಅಂತಲೇ ಬರುವ 675 ಕೇಳಿ. ಎರಡರ ಗಾತ್ರ ಒಂದೇ, ಆದರೆ ಇಂಪ್ಲಾಂಟಿಗೆ ಬೇಕಾದಷ್ಟು ಕರೆಂಟು ಸಾಮಾನ್ಯ ಸೆಲ್ ಕೊಡುವುದಿಲ್ಲ, ಹಾಕಿದ ಸ್ವಲ್ಪ ಹೊತ್ತಿಗೇ ಪ್ರೊಸೆಸರ್ ಆಫ್ ಆಗುತ್ತದೆ, ನೀವು ಪ್ರೊಸೆಸರೇ ಕೆಟ್ಟಿತು ಅಂದುಕೊಳ್ಳುತ್ತೀರಿ. ಸೆಲ್ಲಿನ ಮೇಲಿನ ಸ್ಟಿಕ್ಕರ್ ಕಿತ್ತಮೇಲೆ ಕೆಲವು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಅದು ಗಾಳಿಯಲ್ಲಿನ ಆಮ್ಲಜನಕದಿಂದಲೇ ಕೆಲಸ ಮಾಡುವ ಸೆಲ್. ಒಮ್ಮೆ ಸ್ಟಿಕ್ಕರ್ ಕಿತ್ತರೆ ವಾಪಸ್ ಅಂಟಿಸಿ ಉಳಿಸಲು ಆಗಲ್ಲ. ಹಾಗೇ, ಈ ಸೆಲ್ಲುಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದ ಅನುಮಾನ ಬಂದರೂ ಸಾಕು, ಕಾದು ನೋಡಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹೋಲ್ಡರಿಗೆ ಬೀಗದ ವ್ಯವಸ್ಥೆ ಇದ್ದರೆ ಹಾಕಿಯೇ ಕಳಿಸಿ.

ಕ್ಯಾನ್ಸೋ 2, ರೊಂಡೋ 2, ರೊಂಡೋ 3 ಇಂಥ ಗುಂಡಗಿನ ಪ್ರೊಸೆಸರ್ ಇದ್ದವರಿಗೆ ಈ ದಾರಿ ಇಲ್ಲ. ಅದರ ಬ್ಯಾಟರಿ ಒಳಗೇ ಕೂತಿರುತ್ತದೆ, ಬಿಚ್ಚಿ ಬೇರೆ ಹಾಕಲು ಬರುವುದಿಲ್ಲ, ಇಡೀ ಪ್ರೊಸೆಸರನ್ನೇ ಚಾರ್ಜರಿನಲ್ಲಿ ಇಡಬೇಕು. ಇವರು ಮಾತ್ರ ತಡಮಾಡದೆ ಬೆಳಿಗ್ಗೆಯೇ ನಿಮ್ಮ ಆಡಿಯಾಲಜಿಸ್ಟಿಗೆ (ಶ್ರವಣ ತಜ್ಞರಿಗೆ) ಫೋನ್ ಮಾಡಿ, ಕ್ಲಿನಿಕ್ಕಿನಲ್ಲಿ ಅದೇ ಮಾಡೆಲ್ಲಿನ ಚಾರ್ಜರ್ ಇದ್ದರೆ ಅಲ್ಲೇ ಚಾರ್ಜ್ ಮಾಡಿಕೊಂಡು ಬರಬಹುದಾ ಕೇಳಿ. ಹಳೇ ಪ್ರೊಸೆಸರ್ ಬೀರುವಿನಲ್ಲಿ ಇದ್ದರೆ ಅದನ್ನೂ ತೆಗೆದು ನೋಡಿ. ಅದರ ಮ್ಯಾಪ್ (ಮಗುವಿಗೆ ತಕ್ಕ ಹಾಗೆ ಆಡಿಯಾಲಜಿಸ್ಟ್ ಹೊಂದಿಸಿದ ಸೆಟ್ಟಿಂಗ್) ಹಳೆಯದಾಗಿರುತ್ತದೆ, ಅದಕ್ಕೇ ಅದನ್ನು ಹಾಕುವ ಮುಂಚೆ ಆಡಿಯಾಲಜಿಸ್ಟನ್ನು ಕೇಳಿಕೊಳ್ಳಿ.

ಏನೂ ದಾರಿ ಕಾಣದಿದ್ದರೆ ಟೀಚರಿಗೆ ಮೊದಲೇ ಹೇಳಿ. "ಇವತ್ತು ಮಧ್ಯಾಹ್ನದ ಮೇಲೆ ಅವಳಿಗೆ ಕೇಳಿಸದೆ ಇರಬಹುದು ಮಿಸ್, ಮುಂದಿನ ಬೆಂಚಲ್ಲಿ ಕೂರಿಸಿ, ಬೋರ್ಡ್ ಮೇಲೆ ಬರೆದು ತೋರಿಸಿ" ಅಂತ ಒಂದು ಮೆಸೇಜ್ ಹಾಕಿದರೆ ಸಾಕು. ಹೇಳದೆ ಕಳಿಸಿದರೆ ಮಗು ಮಾತು ಕೇಳುತ್ತಿಲ್ಲ ಅಂತ ಬೈಸಿಕೊಳ್ಳುತ್ತದೆ, ಅದು ನನಗೆ ಸಹಿಸಲು ಆಗದ ವಿಷಯ. ಒಬ್ಬರೇ ಇರುವ ದೊಡ್ಡವರಾದರೆ ರಸ್ತೆ ದಾಟುವಾಗ ಜೊತೆಗೆ ಯಾರಾದರೂ ಇರಲಿ.

ಈಗ ಪತ್ತೆ ಕೆಲಸ

ಗೋಡೆಯಿಂದ ಶುರು ಮಾಡಿ. ಅದೇ ಪ್ಲಗ್ ಪಾಯಿಂಟಿಗೆ ಫೋನ್ ಹಾಕಿ, ಚಾರ್ಜ್ ಆಗುತ್ತಾ? ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಾಕಿದ್ದರೆ ತೆಗೆದು ನೇರ ಗೋಡೆಗೆ ಹಾಕಿ. ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಿ ಮಲಗಿದ್ದರೆ, ಲ್ಯಾಪ್‌ಟಾಪ್ ಸ್ಲೀಪಿಗೆ ಹೋದಾಗ ಆ ಪೋರ್ಟಿನಲ್ಲಿ ಪವರ್ ನಿಂತಿರಬಹುದು. ಪವರ್ ಬ್ಯಾಂಕಿನದ್ದು ಇನ್ನೊಂದು ಕಥೆ. ನಮ್ಮ ಬ್ಯಾಟರಿ ತುಂಬಾ ಚಿಕ್ಕದು, ಅದು ಎಳೆಯುವ ಕರೆಂಟೂ ಕಮ್ಮಿ. ಎಷ್ಟೋ ಪವರ್ ಬ್ಯಾಂಕುಗಳು "ಏನೂ ಸಿಕ್ಕಿಸಿಲ್ಲ" ಅಂದುಕೊಂಡು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗಿಬಿಡುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಪವರ್ ಬ್ಯಾಂಕಿಗೆ ಹಾಕಿ ಮಲಗಿ, ಬೆಳಿಗ್ಗೆ ಬ್ಯಾಟರಿ ಖಾಲಿ ಕಂಡು ಚಾರ್ಜರ್ ಹಾಳಾಯ್ತು ಅಂದುಕೊಂಡವರಿದ್ದಾರೆ. ಸಣ್ಣ ಗ್ಯಾಜೆಟ್ಟುಗಳಿಗೆ ಕಮ್ಮಿ ಕರೆಂಟಿನ ಮೋಡ್ ಇರುವ ಪವರ್ ಬ್ಯಾಂಕ್ ಸಿಗುತ್ತದೆ, ಅಂಥದ್ದೇ ಕೇಳಿ ತನ್ನಿ.

ಆಮೇಲೆ ಕೇಬಲ್. ತುದಿಯಲ್ಲಿ, ಪ್ಲಗ್ ಶುರುವಾಗುವ ಜಾಗದಲ್ಲಿ, ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿಸಿದಾಗ ದೀಪ ಹತ್ತಿ ಆರಿದರೆ ಒಳಗೆ ತಂತಿ ಕಡಿದಿದೆ ಅಂತಲೇ. ಅದೇ ಥರದ ಬೇರೆ ಕೇಬಲ್ ಹಾಕಿ ನೋಡಿ. ಕೇಬಲ್ ಚಾರ್ಜರಿಗೇ ಅಂಟಿಕೊಂಡು ಬಂದಿದ್ದರೆ ಬದಲಾಯಿಸಲು ಆಗುವುದಿಲ್ಲ, ಟೇಪ್ ಸುತ್ತಿ ದಿನ ತಳ್ಳುವುದೂ ಬೇಡ.

ಮೂರನೆಯದು ಅಡಾಪ್ಟರ್, ಗೋಡೆಗೆ ಹಾಕುವ ತುಂಡು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಅಂತ ಬರೆದಿರುತ್ತದೆ. ಯುಎಸ್‌ಬಿ ಚಾರ್ಜರ್ ಆದರೆ 5 ವೋಲ್ಟ್ ಅಂತ ಇರುತ್ತದೆ, ಪಕ್ಕದಲ್ಲಿ ಆಂಪಿಯರ್ ಇರುತ್ತದೆ. ಬೇರೆ ಅಡಾಪ್ಟರ್ ಹಾಕುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ ಇದ್ದರೆ ನಡೆಯುತ್ತದೆ, ಕಮ್ಮಿ ಇರಬಾರದು. ಯುಎಸ್‌ಬಿ ಅಲ್ಲದ ಗುಂಡು ಪಿನ್ನಿನ ಹಳೇ ಚಾರ್ಜರ್ ಆದರೆ ಮಾತ್ರ ತುಂಬಾ ಹುಷಾರು. ಪಿನ್ ಕೂತಿತು ಅಂತ ವೈಫೈ ರೂಟರಿನ ಅಡಾಪ್ಟರ್ ಹಾಕಬೇಡಿ, ಅದರಲ್ಲಿ 12 ವೋಲ್ಟ್ ಇರಬಹುದು. ಬದುಕಿದ್ದ ಚಾರ್ಜರೂ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲಾ ಸರಿ ಇದ್ದರೆ, ಎಲ್ಲವನ್ನೂ ಪ್ಲಗ್ಗಿನಿಂದ ತೆಗೆದು, ಚಾರ್ಜರನ್ನು ಟಾರ್ಚ್ ಬೆಳಕಲ್ಲಿ ನೋಡಿ. ಬ್ಯಾಟರಿ ಕೂರುವ ಗುಳಿಯಲ್ಲಿ ಹಳದಿ ಬಣ್ಣದ ಪುಟಾಣಿ ಪಿನ್ನುಗಳಿರುತ್ತವೆ, ಎಷ್ಟೋ ಚಾರ್ಜರುಗಳಲ್ಲಿ ಇವು ಸ್ಪ್ರಿಂಗಿನವು. ಎಲ್ಲಾ ಒಂದೇ ಎತ್ತರದಲ್ಲಿವೆಯಾ ಅಂತ ನೋಡಿ. ನಮ್ಮ ಚಾರ್ಜರಿನ ಒಂದು ಗುಳಿ ಕೆಲಸ ಮಾಡದಿದ್ದಾಗ ಟಾರ್ಚ್ ಓರೆಯಾಗಿ ಹಿಡಿದರೆ ಒಂದು ಪಿನ್ ಮಾತ್ರ ತಗ್ಗಿ ಕೂತಿತ್ತು. ಅದರ ಬುಡಕ್ಕೆ ಸ್ವೆಟರಿನ ನೀಲಿ ಉಣ್ಣೆಯ ಎಳೆ, ಕೂದಲಿಗಿಂತ ತೆಳ್ಳಗೆ, ಸುತ್ತಿಕೊಂಡಿತ್ತು. ಒಣ ಮೃದು ಬ್ರಷ್ಷಿನಿಂದ ಆಚೆ ತಂದ ಮೇಲೆ ಪಿನ್ ಟಕ್ಕಂತ ಮೇಲೆ ಬಂತು, ಆವತ್ತಿಂದ ಚಾರ್ಜ್ ಆಗುತ್ತಿದೆ. ಬ್ಯಾಟರಿಯ ಕಡೆಯ ಪಟ್ಟಿಗಳನ್ನೂ ನೋಡಿ. ಬೆವರು ಜಾಸ್ತಿ ಇರುವ ಮಕ್ಕಳಿಗೆ, ಕರಾವಳಿ ಕಡೆ ಇರುವವರಿಗೆ, ಅಲ್ಲಿ ಬಿಳೀ ಅಥವಾ ಹಸಿರು ಪುಡಿ ಕಟ್ಟಿಕೊಳ್ಳುತ್ತದೆ. ಒಣ ಬಟ್ಟೆ, ಒಣ ಇಯರ್ ಬಡ್ ಸಾಕು. ಗುಂಡುಸೂಜಿ, ಬ್ಲೇಡು, ಮರಳು ಕಾಗದ ಮುಟ್ಟಿಸಲೇಬೇಡಿ. ಪಟ್ಟಿಯ ಮೇಲಿನ ತೆಳು ಲೇಪ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಒರೆಸಿದರೂ ಹೋಗದ ಹಸಿರು ಇದ್ದರೆ ಆಡಿಯಾಲಜಿಸ್ಟಿಗೆ ತೋರಿಸಿ.

ಈಗ ಅದಲು ಬದಲು ಪರೀಕ್ಷೆ, ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬ್ಯಾಟರಿಗಳ ಮೇಲೆ ಮಾರ್ಕರಿನಿಂದ 1, 2 ಅಂತ ಬರೆಯಿರಿ, ಲೋಹದ ಪಟ್ಟಿ ಬಿಟ್ಟು. 1ನ್ನು ಎಡ ಗುಳಿಯಲ್ಲಿ, 2ನ್ನು ಬಲ ಗುಳಿಯಲ್ಲಿ ಹಾಕಿ ನೋಡಿ, ಆಮೇಲೆ ಬದಲಾಯಿಸಿ ನೋಡಿ. ಎರಡೂ ಬ್ಯಾಟರಿ ಎಡದಲ್ಲಿ ಚಾರ್ಜ್ ಆಗಿ ಬಲದಲ್ಲಿ ಯಾವುದೂ ಆಗದಿದ್ದರೆ ತಪ್ಪು ಚಾರ್ಜರಿನದ್ದು. 1 ಎಲ್ಲಿ ಹಾಕಿದರೂ ಆಗದೆ 2 ಎಲ್ಲಿ ಹಾಕಿದರೂ ಆದರೆ, 1ನೇ ಬ್ಯಾಟರಿ ಹೋಗಿದೆ. ಯಾವುದೂ ಎಲ್ಲೂ ಆಗದಿದ್ದರೆ, ಕೇಬಲ್ ಅಡಾಪ್ಟರ್ ಆಗಲೇ ನೋಡಿದ್ದೀರಲ್ಲ, ಚಾರ್ಜರ್ ಕೆಟ್ಟಿರುವ ಸಾಧ್ಯತೆಯೇ ಜಾಸ್ತಿ.

ದೀಪ ಹತ್ತುತ್ತದೆ, ಫುಲ್ ಅಂತಲೂ ತೋರಿಸುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ಮುಗಿಯುತ್ತದೆ ಅನ್ನುವವರು ಜಾಸ್ತಿ. ಇಲ್ಲಿ ಚಾರ್ಜರನ್ನು ದೂರುವುದು ಸುಲಭ, ಯಾಕಂದ್ರೆ ಎರಡೂ ಬ್ಯಾಟರಿ ಒಟ್ಟಿಗೇ ಸೋತ ಹಾಗೆ ಕಾಣುತ್ತದೆ. ಆದರೆ ಎರಡನ್ನೂ ಒಂದೇ ದಿನ ತಂದು ಒಂದು ದಿನ ಬಿಟ್ಟು ಒಂದು ದಿನ ಬಳಸಿದ್ದರೆ ಅವು ಒಟ್ಟಿಗೇ ಹಳೆಯದಾಗುತ್ತವೆ. ಲಿಥಿಯಂ ಅಯಾನ್ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದಮೇಲೆ ಮೊದಲಿನಷ್ಟು ಹಿಡಿದಿಡುವುದಿಲ್ಲ, ಅದು ಅದರ ಗುಣ. ಇತ್ತೀಚೆಗೆ ಮ್ಯಾಪಿಂಗ್ ಮಾಡಿಸಿದ್ದೀರಾ? ಹೊಸ ಮ್ಯಾಪಿನಲ್ಲಿ ಜಾಸ್ತಿ ಪವರ್ ಬೇಕಾಗಿದ್ದರೂ ಬ್ಯಾಟರಿ ಬೇಗ ಇಳಿಯುತ್ತದೆ. ಇದನ್ನು ಬಗೆಹರಿಸಲು ಒಂದೇ ಉಪಾಯ, ಅದೇ ಮಾಡೆಲ್ ಇರುವ ಇನ್ನೊಬ್ಬರ ಚಾರ್ಜರಿನಲ್ಲಿ ನಿಮ್ಮ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಎಷ್ಟು ಹೊತ್ತು ಬರುತ್ತದೆ ನೋಡುವುದು. ಥೆರಪಿಗೆ ಹೋಗುವ ಜಾಗದಲ್ಲಿ ಕೇಳಿದರೆ ಯಾವ ತಾಯಿಯೂ ಇಲ್ಲ ಅನ್ನಲ್ಲ. ಅಲ್ಲಿ ಚಾರ್ಜ್ ಆಗಿ ಬಂದಮೇಲೂ ಮಧ್ಯಾಹ್ನಕ್ಕೇ ಮುಗಿದರೆ ನಿಮಗೆ ಬೇಕಿರುವುದು ಬ್ಯಾಟರಿ ಅಥವಾ ಆಡಿಯಾಲಜಿಸ್ಟಿನ ಭೇಟಿ, ಚಾರ್ಜರ್ ಅಲ್ಲ.

ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ಚಾರ್ಜಿಗೆ ಹಾಕಬೇಡಿ, ಮಗುವಿನ ಕಿವಿಗೂ ಹಾಕಬೇಡಿ.

ಯಾವ ಚಾರ್ಜರ್ ಬೇಕು

"ಕಾಕ್ಲಿಯರ್ ಚಾರ್ಜರ್" ಅಂತ ಕೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಇಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಆಸ್ಟ್ರೇಲಿಯಾದ ಕಾಕ್ಲಿಯರ್, ಆಸ್ಟ್ರಿಯಾದ ಮೆಡ್-ಎಲ್, ಅಮೆರಿಕದ ಅಡ್ವಾನ್ಸ್ಡ್ ಬಯಾನಿಕ್ಸ್ ಕಂಪನಿಗಳ ಇಂಪ್ಲಾಂಟುಗಳು. ಒಂದು ಕಂಪನಿಯದ್ದು ಇನ್ನೊಂದಕ್ಕೆ ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಕಂಪನಿಯ ಹಳೇ ಮಾಡೆಲ್ಲಿನ ಚಾರ್ಜರ್ ಹೊಸ ಮಾಡೆಲ್ಲಿಗೆ ಆಗದೆ ಇರಬಹುದು ಅನ್ನುವುದು ಮರೆತುಹೋಗುತ್ತದೆ. ಹೊಸ ಪ್ರೊಸೆಸರ್ ಬಂದಾಗ ಬ್ಯಾಟರಿಯ ಆಕಾರ ಚಿಕ್ಕದಾಗುತ್ತದೆ, ಅದರ ಜೊತೆ ಚಾರ್ಜರೂ ಬದಲಾಗುತ್ತದೆ. ಕಾಕ್ಲಿಯರ್ ಕಂಪನಿಯ ನ್ಯೂಕ್ಲಿಯಸ್ 6 ಆದರೆ ಸಿಪಿ910 ಅಥವಾ ಸಿಪಿ920, ನ್ಯೂಕ್ಲಿಯಸ್ 7 ಆದರೆ ಸಿಪಿ1000, ನ್ಯೂಕ್ಲಿಯಸ್ 8 ಆದರೆ ಸಿಪಿ1110, ಕ್ಯಾನ್ಸೋ 2 ಆದರೆ ಸಿಪಿ1150. ಈ ನಂಬರ್ ನಿಮ್ಮ ಪ್ರೊಸೆಸರಿನ ಮೇಲೆ ಅಥವಾ ಕಿಟ್ಟಿನ ಕಾಗದದಲ್ಲಿ ಸಿಗುತ್ತದೆ. ಮೆಡ್-ಎಲ್ ಆದರೆ ಓಪಸ್ 2, ಸಾನೆಟ್, ಸಾನೆಟ್ 2, ರೊಂಡೋ ಅಂತ ಇರುತ್ತದೆ. ಅಡ್ವಾನ್ಸ್ಡ್ ಬಯಾನಿಕ್ಸಿನವರು ಬ್ಯಾಟರಿಗೆ ಪವರ್‌ಸೆಲ್ ಅನ್ನುತ್ತಾರೆ, ಅಲ್ಲಿ ನೈಡಾ ಕ್ಯೂ ಸಾಲಿನದ್ದಾ, ಎಂ ಸಾಲಿನದ್ದಾ ಅಂತ ಹೇಳಬೇಕು.

ನನ್ನ ಸಲಹೆ, ಈಗಲೇ ಎದ್ದು ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ: ಪ್ರೊಸೆಸರಿನ ಸೀರಿಯಲ್ ನಂಬರ್, ಬ್ಯಾಟರಿ ಮೇಲಿನ ಬರಹ, ಚಾರ್ಜರಿನ ತಳಭಾಗ, ಅಡಾಪ್ಟರಿನ ಲೇಬಲ್. ಚಾರ್ಜರ್ ಚೆನ್ನಾಗಿ ಕೆಲಸ ಮಾಡುವಾಗ ದೀಪ ಹೇಗಿರುತ್ತದೆ, ಚಾರ್ಜ್ ಆಗುವಾಗ ಯಾವ ಬಣ್ಣ, ಫುಲ್ ಆದಾಗ ಯಾವ ಬಣ್ಣ ಅಂತ ಒಂದು ಸಣ್ಣ ವಿಡಿಯೋನೂ ಇರಲಿ. ಕಂಪನಿ ಕಂಪನಿಗೆ ಬಣ್ಣದ ಅರ್ಥ ಬೇರೆ, ಕೆಟ್ಟಮೇಲೆ ನೆನಪಿಸಿಕೊಳ್ಳಲು ಹೋದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಎಲ್ಲಿ ತರುವುದು

ಮೊದಲು ವಾರಂಟಿ ಕಾಗದ ನೋಡಿ. ಪ್ರೊಸೆಸರಿಗೆ ಇರುವಷ್ಟು ವರ್ಷ ಚಾರ್ಜರಿಗೂ ಇರಬೇಕು ಅಂತೇನಿಲ್ಲ, ಬ್ಯಾಟರಿಗೆ ಇನ್ನೂ ಕಮ್ಮಿ ಇರಬಹುದು, ಒಂದೊಂದನ್ನೂ ಬೇರೆಬೇರೆಯಾಗಿ ಓದಿ. ಆಮೇಲೆ ನಿಮ್ಮ ಆಡಿಯಾಲಜಿಸ್ಟ್ ಅಥವಾ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಫೋಟೋ ಕಳಿಸಿ, "ಈ ಸೀರಿಯಲ್ ನಂಬರಿಗೆ ಯಾವ ಚಾರ್ಜರ್" ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಬೆಲೆ ಕೇಳುವಾಗ ಬರೀ ಚಾರ್ಜರಿನದ್ದಾ, ಕೇಬಲ್ ಅಡಾಪ್ಟರ್ ಸೇರಿಯಾ, ಜಿಎಸ್‌ಟಿ ಸೇರಿಯಾ, ಎಷ್ಟು ದಿನಕ್ಕೆ ಬರುತ್ತದೆ, ಎಲ್ಲಾ ಕೇಳಿ. ಸ್ಟಾಕ್ ಇಲ್ಲ, ಹೊರಗಿಂದ ಬರಬೇಕು ಅನ್ನುವ ಉತ್ತರ ಅಪರೂಪವಲ್ಲ. ನಾವು ಒಮ್ಮೆ ದುಡ್ಡು ಕಟ್ಟಿ ವಾರಗಟ್ಟಲೆ ಕಾದಿದ್ದೇವೆ, ಫೋನ್ ಮಾಡಿದಾಗಲೆಲ್ಲ "ನಾಳೆ ಮೇಡಂ" ಅನ್ನುತ್ತಿದ್ದರು. ಅದಕ್ಕೇ ಆರ್ಡರ್ ಹಾಕುವಾಗಲೇ "ಅದು ಬರುವ ತನಕ ಒಂದು ಲೋನರ್, ಅಂದರೆ ತಾತ್ಕಾಲಿಕವಾಗಿ ಬಳಸಲು ಒಂದು ಚಾರ್ಜರ್, ಕೊಡಿ" ಅಂತ ಕೇಳಿ. ಕೇಳಿದವರಿಗೆ ಸಿಕ್ಕಿದೆ, ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ.

ಅಂಗವಿಕಲರಿಗೆ ಸಾಧನ ಕೊಡಿಸುವ ಸರ್ಕಾರದ ಆಡಿಪ್ ಯೋಜನೆಯಲ್ಲಿ ಇಂಪ್ಲಾಂಟ್ ಆದ ಮಕ್ಕಳಿದ್ದರೆ ಆಪರೇಷನ್ ಆದ ಆಸ್ಪತ್ರೆಯ ಕಾಗದ ಹಿಡಿದುಕೊಂಡು ಅಲ್ಲೇ ಮೊದಲು ವಿಚಾರಿಸಿ. ಕೆಟ್ಟಿರುವುದು ಪ್ರೊಸೆಸರಾ ಬ್ಯಾಟರಿಯಾ ಅಂತ ಗೊಂದಲ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಪ್ಲಾಂಟ್ ಬಗ್ಗೆ ಚೆನ್ನಾಗಿ ತಿಳಿದ ಆಡಿಯಾಲಜಿಸ್ಟರು ಇದ್ದಾರೆ. ಹೋಗುವಾಗ ಇಡೀ ಕಿಟ್ ತಗೊಂಡು ಹೋಗಿ, ಬರೀ ಚಾರ್ಜರ್ ಅಲ್ಲ.

ಇನ್ನೊಂದು ದಾರಿ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪು. ಪ್ರೊಸೆಸರ್ ಅಪ್‌ಗ್ರೇಡ್ ಮಾಡಿಸಿದವರ ಮನೆಯಲ್ಲಿ ಹಳೇ ಮಾಡೆಲ್ಲಿನ ಚಾರ್ಜರ್ ಚೆನ್ನಾಗಿರುವುದೇ ಇರುತ್ತದೆ. ಕಂಪನಿ ತಯಾರಿಸುವುದನ್ನು ನಿಲ್ಲಿಸಿದ ಮಾಡೆಲ್ ನಿಮ್ಮದಾಗಿದ್ದರೆ ಕೆಲವೊಮ್ಮೆ ಇದೊಂದೇ ದಾರಿ. ಹಳೇ ಚಾರ್ಜರ್ ತಗೊಳ್ಳಿ, ಪರವಾಗಿಲ್ಲ, ಆದರೆ ಹಳೇ ಬ್ಯಾಟರಿಗೆ ದುಡ್ಡು ಕೊಡಬೇಡಿ. ಆನ್‌ಲೈನಿನಲ್ಲಿ ಹೆಸರಿಲ್ಲದ "ಎಲ್ಲದಕ್ಕೂ ಆಗುತ್ತದೆ" ಅನ್ನುವ ಚಾರ್ಜರ್ ಬೇಡವೇ ಬೇಡ. ಲಿಥಿಯಂ ಬ್ಯಾಟರಿಗೆ ಯಾವ ವೋಲ್ಟಿಗೆ ಚಾರ್ಜ್ ನಿಲ್ಲಿಸಬೇಕು ಅನ್ನುವುದು ನಿಖರವಾಗಿರಬೇಕು. ಆ ಬ್ಯಾಟರಿ ಕೂರುವುದು ಮಗುವಿನ ಕಿವಿಯ ಹಿಂದೆ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ತರುತ್ತೇನೆ ಅಂದರೆ, ಅಡಾಪ್ಟರಿನ ಇನ್‌ಪುಟ್ ಸಾಲಿನಲ್ಲಿ 100-240 ವೋಲ್ಟ್ ಅಂತ ಇದೆಯಾ ನೋಡಿ ಹೇಳಲು ತಿಳಿಸಿ. 120 ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಪಿನ್ ಬದಲಿಸುವ ಕನ್ವರ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಜೊತೆಗೆ ಬಿಡಿ ಬ್ಯಾಟರಿ ತರುತ್ತಿದ್ದರೆ ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಅಡಾಪ್ಟರ್ ಇಲ್ಲೇ ಕೊಳ್ಳುವುದಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುವುದನ್ನೇ ಕೊಳ್ಳಿ.

ಹೊಸದು ಬಂದಮೇಲೆ

ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ, ತಪ್ಪು ಮಾಡೆಲ್ ಬಂದಿದ್ದರೆ ವಾಪಸ್ ಮಾಡಲು ಅನುಕೂಲ. ಬ್ಯಾಟರಿ ಇಲ್ಲದೆ ಮೊದಲು ಬರೀ ಚಾರ್ಜರನ್ನು ಪ್ಲಗ್ಗಿಗೆ ಹಾಕಿ ಸ್ವಲ್ಪ ಹೊತ್ತು ನೋಡಿ. ಆಮೇಲೆ ಒಂದು ಬ್ಯಾಟರಿ ಕೂರಿಸಿ. ಬ್ಯಾಟರಿ ಸಲೀಸಾಗಿ ಕೂರಬೇಕು, ಒತ್ತಿ ತುರುಕಬೇಕಾಗಿ ಬಂದರೆ ಮಾಡೆಲ್ ತಪ್ಪಿದೆ ಅಂತ ತಿಳಿದು ಅಲ್ಲಿಗೇ ನಿಲ್ಲಿಸಿ. ಮೊದಲ ಚಾರ್ಜನ್ನು ರಾತ್ರಿ ಮಲಗುವಾಗ ಮಾಡಬೇಡಿ, ಹಗಲು ಎದುರಿಗೇ ಇಟ್ಟುಕೊಂಡು ಮಾಡಿ. ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿ, ಸ್ವಲ್ಪ ಬೆಚ್ಚಗಿದ್ದರೆ ಸಹಜ, ಸುಡುತ್ತಿದ್ದರೆ ತೆಗೆದುಬಿಡಿ. ಎಷ್ಟು ಹೊತ್ತಿಗೆ ಫುಲ್ ಆಯಿತು, ಮಾರನೇ ದಿನ ಎಷ್ಟು ಗಂಟೆ ಬಂತು ಅಂತ ಒಂದು ವಾರ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಂದೆ ಯಾವಾಗಲಾದರೂ ಬ್ಯಾಟರಿ ಕೈಕೊಟ್ಟರೆ ಹೋಲಿಸಿ ನೋಡಲು ಇದೇ ಲೆಕ್ಕ ಬೇಕಾಗುತ್ತದೆ.

ಇಡುವ ಜಾಗವೂ ಮುಖ್ಯ. ಅಡುಗೆಮನೆ ಬೇಡ, ಕಿಟಕಿಯ ಬಿಸಿಲು ಬೇಡ, ದಿಂಬಿನ ಕೆಳಗೆ ಹಾಸಿಗೆ ಮೇಲೆ ಖಂಡಿತಾ ಬೇಡ. ಬೆವರಿನಲ್ಲಿ ಒದ್ದೆಯಾದ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕದೆ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಆರಲು ಬಿಟ್ಟು ಹಾಕಿ. ಮಲೆನಾಡಿನವರು ಗುಡುಗು ಮಿಂಚು ಶುರುವಾದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಅಂಥ ರಾತ್ರಿಗಳಿಗೆ ಅಂತಲೇ ಎರಡು ಪ್ಯಾಕ್ 675 ಸೆಲ್ ಮನೆಯಲ್ಲಿ ಇರಲಿ, ತಾರೀಖು ನೋಡಿಕೊಂಡು ತನ್ನಿ.

ಹಳೇ ಚಾರ್ಜರ್ ಪೂರ್ತಿ ಸತ್ತಿದ್ದರೆ ಅದರ ಕೇಬಲ್, ಅಡಾಪ್ಟರ್ ಸರಿ ಇವೆಯಾ ನೋಡಿ ತೆಗೆದಿಟ್ಟುಕೊಳ್ಳಿ, ಅವೇ ನಿಮ್ಮ ಸ್ಪೇರ್. ಉಳಿದದ್ದನ್ನು, ಅದರಲ್ಲೂ ಉಬ್ಬಿದ ಬ್ಯಾಟರಿಯನ್ನು, ಕಸದ ಗಾಡಿಗೆ ಹಾಕಬೇಡಿ. ಲೋಹದ ಪಟ್ಟಿಗಳ ಮೇಲೆ ಟೇಪ್ ಅಂಟಿಸಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ, ಇಲ್ಲವೇ ಮುಂದಿನ ಸಲ ಮ್ಯಾಪಿಂಗಿಗೆ ಹೋಗುವಾಗ ಕ್ಲಿನಿಕ್ಕಿನವರು ತಗೊಳ್ಳುತ್ತಾರಾ ಅಂತ ಕೇಳಿ.